ಮರ್ಲಾ ಗೆದ್ದ ರಿವಾಲ್ವರ್

ರಾಜ್ಯಮಟ್ಟದ ಪಿಸ್ತೂಲು ಸ್ಪರ್ಧೆಯಲ್ಲಿ ಗಂಡಸರನ್ನೆಲ್ಲ ಹಿಂದಿಕ್ಕಿ ಮೊದಲು ಬಂದಾಗ ಮರ್ಲಾ ಪ್ರುಯಿಟ್‌ಗೆ ಐವತ್ತನಾಲ್ಕು ವರ್ಷ. ಗಂಡ ರಾಯ್ಸ್ ಅವತ್ತು ಬಂದಿರಲಿಲ್ಲ. ಶನಿವಾರ ಅವನ ಟೈರಿನ ಅಂಗಡಿಗೆ ಜನ ಜಾಸ್ತಿ. ಹಾಗಾಗಿ ಅವಳನ್ನು ಕರೆದುಕೊಂಡು ಹೋದವಳು ನಾನು. ಊರಿನ ಶಾಲೆಯ ಅಡುಗೆಮನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತು ವರ್ಷಗಟ್ಟಲೆ ಮಕ್ಕಳಿಗೆ ಊಟ ಬಡಿಸಿದವರು. ನನಗೆ ಗುಂಡು ಹಾರಿಸಲು ಬಾರದು. ಅವಳು ಹಾರಿಸುವುದನ್ನು ನೋಡಲು ಮಾತ್ರ ನನಗೆ ಯಾವತ್ತೂ ಬೇಸರವಾಗಿಲ್ಲ. ಗದ್ದಲದ ಹೆಂಗಸು ಅವಳು, ಬಾಯಿ ಸುಮ್ಮನಿರುತ್ತಿರಲಿಲ್ಲ. ಪಿಸ್ತೂಲು ಎತ್ತಿದರೆ ಮಾತ್ರ ಮೈಯೆಲ್ಲ ಕಲ್ಲಾಗಿಬಿಡುತ್ತಿತ್ತು.

ಬಹುಮಾನವಾಗಿ ಕೊಟ್ಟದ್ದು ಒಂದು ರಿವಾಲ್ವರ್. ತಯಾರಿಸುವ ಕಂಪನಿಗೆ ನೂರು ವರ್ಷ ತುಂಬಿತೆಂದು ಇನ್ನೂರು ಮಾತ್ರ ಮಾಡಿ ಅಚ್ಚು ಒಡೆದುಹಾಕಿದ್ದರಂತೆ. ಮರ್ಲಾಗೆ ಸಿಕ್ಕಿದ್ದು ಅರವತ್ತಮೂರನೆಯದು. ವಾಪಸು ಬರುವಾಗ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಪೆಟ್ರೋಲು ಹಾಕಿಸಲು ನಿಲ್ಲಿಸಿದಾಗ ಮುಚ್ಚಳ ತೆಗೆದು ತೋರಿಸಿದಳು. ಕಡುನೀಲಿ ಉಕ್ಕು, ಎರಡೂ ಬದಿಗೆ ಓಕ್ ಎಲೆಯ ಕೆತ್ತನೆ, ಆಕ್ರೋಟು ಮರದ ಹಿಡಿ.

“ಮುಟ್ಟಲ್ವಾ?” ಎಂದೆ.

“ಕೈಯೆಲ್ಲಾ ಚಿಪ್ಸಿನ ಎಣ್ಣೆ ಕಣೆ. ನಾಳೆ ಚರ್ಚಿಗೆ ಮುಂಚೆ ಶೂಟಿಂಗ್ ಕ್ಲಬ್ಬಿಗೆ ಹೋಗೋಣ. ಮೊದಲನೇ ಗುಂಡು ನಂದು, ಎರಡನೇದು ನಿಂದು.”

“ನಂದು ಆಕಾಶಕ್ಕೆ ಹೋಗತ್ತೆ.”

“ಹೋಗ್ಲಿ ಬಿಡು. ಆಕಾಶ ಏನೂ ಅಂದ್ಕೊಳಲ್ಲ.”

ಮನೆ ತಲುಪಿದಾಗ ರಾಯ್ಸ್ ಅಡುಗೆಮನೆಯ ಮೇಜಿನ ಹತ್ತಿರ ಕಾಯುತ್ತಿದ್ದ. ಅವನೇನು ಕೆಟ್ಟವನಲ್ಲ. ಕುಡಿತವಿಲ್ಲ, ಮೈಗಳ್ಳತನವಿಲ್ಲ. ಏಳು ಮಕ್ಕಳ ಮನೆಯಲ್ಲಿ ಕೊನೆಯವನಾಗಿ ಹುಟ್ಟಿ, ಅಣ್ಣಂದಿರು ಹಾಕಿ ಬಿಟ್ಟ ಬೂಟು, ಅಣ್ಣಂದಿರು ಹಾಕಿ ಬಿಟ್ಟ ಕೋಟಿನಲ್ಲೇ ಬೆಳೆದವನು. ಯಾರೂ ಬಳಸದ ವಸ್ತು ಎಂದರೆ ಅವನಿಗೆ ದೇವರಿದ್ದ ಹಾಗೆ. ಪೆಟ್ಟಿಗೆ ತೆರೆದಾಗ ಅವನ ಮುಖ ನೋಡಿದೆ. ಮದುವೆಯ ದಿನವೂ ಅವನು ಅಷ್ಟು ಖುಷಿಯಾಗಿದ್ದ ನೆನಪು ನನಗಿಲ್ಲ.

ಹೆಂಡತಿಯ ಬೆನ್ನು ತಟ್ಟಿದ. ಸಿಂಕಿಗೆ ಹೋಗಿ ಕೈ ತೊಳೆದು, ಒರೆಸಿ, ಹತ್ತಿಯ ಗವಸು ಹಾಕಿಕೊಂಡು ಬಂದ.

“ಇದೇನು, ಆಪರೇಷನ್ ಮಾಡ್ತೀಯಾ?” ಎಂದಳು ಮರ್ಲಾ, ನಗುತ್ತಾ ರಿವಾಲ್ವರಿಗೆ ಕೈಚಾಚಿ.

“ಇರು ಇರು. ಉರುಳೆ ತಿರುಗಿಸ್ಬೇಡ.”

ಆರು ಗುಂಡು ಕೂರುವ ಆ ಉರುಳೆಯ ಮೇಲೆ ಅವಳ ಹೆಬ್ಬೆರಳು ಆಗಲೇ ಇತ್ತು. “ಯಾಕೆ?”

“ಒಂದು ಸುತ್ತು ತಿರುಗಿಸಿದ್ರೆ ಸಾಕು, ಗೆರೆ ಬಿದ್ಬಿಡತ್ತೆ. ಗೊತ್ತಿರೋನು ನೋಡಿದ ತಕ್ಷಣ ಹೇಳ್ತಾನೆ, ಇದನ್ನ ಮುಟ್ಟಿದ್ದಾರೆ ಅಂತ.”

“ಮುಟ್ಟಲಿ ಅಂತ ತಾನೇ ಕೊಟ್ಟಿರೋದು?”

“ಇನ್ನೂರೇ ಮಾಡಿರೋದು ಮರ್ಲಾ. ಪ್ರಪಂಚಕ್ಕೆಲ್ಲ ಇನ್ನೂರು. ಹಾರಿಸೋಕೆ ನಿಂಗೆ ಮನೇಲಿ ಬೇರೆ ನಾಲ್ಕು ಇಲ್ವಾ?”

“ಇವೆ. ಅದ್ಯಾವುದನ್ನೂ ನಾನು ಗೆದ್ದಿಲ್ಲ.”

“ಗೆದ್ದಿದ್ದನ್ನ ಕಾಪಾಡ್ಕೋಬೇಕು,” ಎಂದ ರಾಯ್ಸ್. ಅವಳ ಬೆರಳನ್ನು ಮೆಲ್ಲಗೆ, ನೋವಾಗದ ಹಾಗೆ, ಉಕ್ಕಿನ ಮೇಲಿಂದ ಬಿಡಿಸಿದ. “ಹತ್ತು ವರ್ಷ ತಡಿ. ಇದರ ಬೆಲೆ ಏನಾಗತ್ತೆ ನೋಡು. ಒಂದು ಗುಂಡು ಹಾರಿಸಿದ್ಯೋ, ಇದೂ ಎಲ್ಲಾದ್ರ ಹಾಗೆ ಒಂದು ಪಿಸ್ತೂಲು ಅಷ್ಟೇ.”

ಅವಳು ನನ್ನ ಕಡೆ ನೋಡಿದಳು. ಗಂಡ ಹೆಂಡಿರ ನಡುವೆ ನಾನೇನು ಹೇಳಲಿ. ಭಾನುವಾರ ನಾವು ಸೀದಾ ಚರ್ಚಿಗೇ ಹೋದೆವು.

ಊರಿಗೆ ಸುದ್ದಿ ತಿಳಿದ ಮೇಲೆ ಅದೇ ಮಾತು. ಬೆಳಗಿನ ಹೊತ್ತು ಹೋಟೆಲಿನಲ್ಲಿ ಬಿಸ್ಕತ್ತು ಎನ್ನುವ ಮೆತ್ತನೆಯ ಬನ್ನಿಗೆ ಗ್ರೇವಿ ಹೊಯ್ದುಕೊಂಡು ಕೂತ ಕ್ಲಬ್ಬಿನ ಗಂಡಸರು ಎರಡು ಪಾಳಯವಾದರು. ಹಾರಿಸಬೇಕು ಎನ್ನುವವರ ಮುಂದಾಳು ಪರ್ವಿಸ್ ಕಾಬ್, ಒಂದು ಕಾಲದಲ್ಲಿ ಅಂಚೆ ಹಂಚುತ್ತಿದ್ದ ಎಂಬತ್ತರ ಮುದುಕ.

“ಕೋಳಿ ಸಾಕಿ ಮೊಟ್ಟೆ ಇಡ್ಬೇಡ ಅಂದ ಹಾಗಾಯ್ತಲ್ಲೋ ರಾಯ್ಸ್,” ಎಂದ ಅವನು.

“ನಿಂಗೇನು ಗೊತ್ತು ತಾತ. ನಿನ್ನ ಮನೇಲಿರೋ ಅತಿ ಹಳೇ ವಸ್ತು ನೀನೇ.”

“ಅದಕ್ಕೇ ಹೇಳ್ತಿರೋದು. ಉಪಯೋಗಿಸದೆ ಇಟ್ರೆ ಏನಾಗತ್ತೆ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಎಲ್ಲರೂ ನಕ್ಕರು. ಯಾರೋ ಮರ್ಲಾ ಕಡೆ ತಿರುಗಿ, “ನೀನು ಏನಂತೀಯಮ್ಮ, ನಿಂದಲ್ವಾ ಅದು?” ಎಂದು ಕೇಳಿದರು. ಅವಳು ಬಾಯಲ್ಲಿದ್ದುದನ್ನು ನುಂಗುವಷ್ಟರಲ್ಲಿ, “ಅವಳಿಗೂ ಇಡೋದೇ ಸರಿ ಅನ್ಸಿದೆ,” ಎಂದು ರಾಯ್ಸ್ ಹೇಳಿ ಮುಗಿಸಿದ್ದ. ಮರ್ಲಾ ಕಾಫಿ ಕುಡಿದಳು.

ಚಳಿಗಾಲದಲ್ಲಿ ರಾಯ್ಸ್ ತನ್ನ ಟೈರಿನ ಅಂಗಡಿಯಲ್ಲಿ, ಗಿರಾಕಿಗಳು ಕೂರುವ ಕಡೆ, ಬೀಗವಿರುವ ಗಾಜಿನ ಪೆಟ್ಟಿಗೆ ಮಾಡಿಸಿ ರಿವಾಲ್ವರನ್ನು ಅದರಲ್ಲಿಟ್ಟ. ಕೆಳಗೆ ಹಸಿರು ಮಖಮಲ್ಲು, ಮೇಲೆ ಪುಟ್ಟ ದೀಪ. ಟೈರು ಬದಲಾಯಿಸುವ ನೆಪದಲ್ಲಿ ಪಕ್ಕದ ಊರುಗಳಿಂದಲೂ ಜನ ನೋಡಲು ಬಂದರು. ನನ್ನ ಕಾರಿನ ಗಾಲಿ ಪಂಕ್ಚರಾದಾಗ ಮರ್ಲಾ ಜೊತೆ ಹೋದೆ. ಗಾಜಿನೊಳಗೆ ಒಂದು ಚೀಟಿ ಇತ್ತು. ‘ಇನ್ನೂರರಲ್ಲಿ ಅರವತ್ತಮೂರನೆಯದು. ರಾಯ್ಸ್ ಪ್ರುಯಿಟ್ ಅವರ ಸಂಗ್ರಹದಿಂದ.’

ಮರ್ಲಾ ಅದನ್ನು ಎರಡು ಸಲ ಓದಿದಳು.

“ನಿಂದಾ ಇದು?” ಎಂದಳು ಗಂಡನಿಗೆ.

“ಗಂಡ ಹೆಂಡತಿ ಅಂದ್ಮೇಲೆ ನಂದು ನಿಂದು ಏನು?”

“ಹಾಗಾದ್ರೆ ನನ್ನ ಹೆಸರು ಬರಿ.”

“ಅಂಗಡಿ ನನ್ನ ಹೆಸರಲ್ಲಿದೆ, ಜನ ಗಲಿಬಿಲಿ ಆಗ್ತಾರೆ,” ಎಂದು ಅವನು ನನ್ನ ಟೈರಿನ ಮೊಳೆ ಕೀಳಲು ಹೋದ.

ಮುಂದಿನ ಶರತ್ಕಾಲ ಅವಳು ಹಳೇ ಪಿಸ್ತೂಲಿನಲ್ಲೇ ಸ್ಪರ್ಧಿಸಿ ಎರಡನೆಯವಳಾದಳು. ಮರುವರ್ಷದ ವಸಂತದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಸೂಪಿನ ಸೌಟು ಅವಳ ಕೈಯಲ್ಲಿ ಅಲುಗಾಡುವುದನ್ನು ನಾನು ಮೊದಲು ಕಂಡೆ. ತಟ್ಟೆಯ ಅಂಚಿಗೆಲ್ಲ ಸೂಪು ಚೆಲ್ಲಿತ್ತು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಮರ್ಲಾ ಕೂಡ ನಕ್ಕು, ನಿದ್ದೆ ಸಾಲದು ಎಂದಳು. ಬೇಸಿಗೆಯ ಹೊತ್ತಿಗೆ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಯಿತು. ವೈದ್ಯರು ನೋಡಿದರು. ಪ್ರಾಣಕ್ಕೇನೂ ಭಯವಿಲ್ಲ, ಕೈ ನಡುಕವಷ್ಟೇ, ಆದರೆ ಇದು ಹಿಂದಕ್ಕೆ ಹೋಗುವಂಥದ್ದಲ್ಲ, ಮಾತ್ರೆ ತಗೊಂಡರೆ ಸ್ವಲ್ಪ ತಡೆಯಬಹುದು ಎಂದರು.

ಅವತ್ತು ಆಸ್ಪತ್ರೆಯಿಂದ ಸೀದಾ ಟೈರಿನ ಅಂಗಡಿಗೆ ನಡಿ ಎಂದಳು. ನಾನೂ ಒಳಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ.

“ರಾಯ್ಸ್, ಈ ವರ್ಷದ ಸ್ಪರ್ಧೆಗೆ ಅದನ್ನ ಕೊಡು. ಒಂದು ಸಲ. ಆಮೇಲೆ ನೀನು ಮಣ್ಣಲ್ಲಿ ಹೂಳಿದ್ರೂ ಕೇಳಲ್ಲ.”

ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ವೈದ್ಯರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಅವನಿಗೆ ನಿಜವಾಗಿಯೂ ದುಃಖವಾಯಿತು, ಅದು ಮುಖದಲ್ಲಿ ಕಾಣುತ್ತಿತ್ತು. ಅವಳ ಭುಜದ ಮೇಲೆ ಕೈಯಿಟ್ಟ. ಆಮೇಲೆ ಹೇಳಿದ, “ಈ ಕೈಯಲ್ಲಿ ಹಿಡಿದ್ರೆ ಬೀಳಿಸ್ತೀಯ ಕಣೆ.”

“ಇನ್ನೂ ಬೀಳಿಸೋ ಮಟ್ಟಕ್ಕೆ ಬಂದಿಲ್ಲ. ಈಗ ಆಗತ್ತೆ. ಮುಂದಿನ ವರ್ಷ ಆಗಲ್ಲ. ಅದಕ್ಕೇ ಕೇಳ್ತಿರೋದು.”

“ಇಷ್ಟು ದಿನ ಕಾದು ಈಗ ಹಾಳು ಮಾಡೋದಾ? ಸ್ವಲ್ಪ ಯೋಚನೆ ಮಾಡು. ನಿನ್ನ ಔಷಧಿ ಗಿಷಧಿಗೂ ಮುಂದೆ ಅದೇ ಆಗ್ಬಹುದು.”

ಅವಳು ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ನಿಂತಳು. ಬೀಗದ ಕೈ ಅವನ ಸೊಂಟದ ಗೊಂಚಲಿನಲ್ಲಿತ್ತು. ಗಾಜು ಒಡೆಯುವುದು ಅವಳಿಗೆ ದೊಡ್ಡ ಮಾತಾಗಿರಲಿಲ್ಲ, ಟೈರು ಬಿಚ್ಚುವ ಸಲಾಕೆ ಅಲ್ಲೇ ಬಿದ್ದಿತ್ತು. ಅವಳು ಒಡೆಯಲಿಲ್ಲ. ಮನೆಗೆ ಹೋಗೋಣ ಎಂದಳು. ಆ ವರ್ಷದ ಸ್ಪರ್ಧೆಗೆ ಹೆಸರನ್ನೇ ಕೊಡಲಿಲ್ಲ. ಶಾಲೆಯವರು ಅವಳನ್ನು ಬಡಿಸುವ ಜಾಗದಿಂದ ತೆಗೆದು ತಟ್ಟೆ ತೊಳೆಯುವ ಯಂತ್ರದ ಹತ್ತಿರ ಹಾಕಿದರು. ಗದ್ದಲದ ಹೆಂಗಸು ಸುಮ್ಮನಾಗುತ್ತಾ ಬಂದಳು.

ಇನ್ನೊಂದು ವರ್ಷ ಕಳೆಯಿತು. ನವೆಂಬರಿನಲ್ಲಿ, ಜಿಂಕೆ ಬೇಟೆ ಶುರುವಾದ ವಾರ, ರಾಯ್ಸ್ ಮನೆಯ ಹಿಂದಿನ ಬಯಲಿನಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡ. ಕರೆದದ್ದು ಹತ್ತು ಹನ್ನೆರಡು ಜನರನ್ನು, ಊಟ ಮಾತ್ರ ಒಬ್ಬನಿಗಾಗಿ. ಡಾರ್ಸಿ ಹ್ಯೂಲೆಟ್ ಎಂದು, ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ರಸ್ತೆ, ವಾಹನಗಳನ್ನೆಲ್ಲ ನೋಡಿಕೊಳ್ಳುವವನು. ಶಾಲಾ ಬಸ್ಸು, ಹಿಮ ತಳ್ಳುವ ಲಾರಿ, ಪೊಲೀಸ್ ಕಾರು, ಎಲ್ಲದರ ಟೈರು ಯಾರಿಂದ ಕೊಳ್ಳಬೇಕೆಂದು ಹೇಳುವವನು ಅವನೇ. ಮಾತಿನಲ್ಲಿ ಬಲು ಮೃದು, ಎಲ್ಲರ ಮಕ್ಕಳ ಹೆಸರೂ ಅವನಿಗೆ ಗೊತ್ತು.

ನಾನು ಮರ್ಲಾಗೆ ಅಡುಗೆಗೆ ಸಹಾಯ ಮಾಡುತ್ತಿದ್ದೆ. ಒಲೆಯ ಮೇಲೆ ಜಿಂಕೆ ಮಾಂಸದ ಸಾರು, ಓವನ್ನಿನಲ್ಲಿ ಮೆಕ್ಕೆಜೋಳದ ಬ್ರೆಡ್ಡು. ಹೊರಗೆ ಕ್ಲಬ್ಬಿನ ಅಧ್ಯಕ್ಷ ಲಾಯ್ಡ್ ಮತ್ತು ಉಳಿದ ಗಂಡಸರು ಹುಲ್ಲಿನ ಪಿಂಡಿಯ ಮೇಲೆ ಕಾಫಿ ಡಬ್ಬಗಳನ್ನು ಸಾಲಾಗಿಟ್ಟು ಗುಂಡು ಹೊಡೆಯುತ್ತಿದ್ದರು. ಪ್ರತಿ ಸದ್ದಿಗೂ ಮರ್ಲಾ ತಲೆಯೆತ್ತದೆ, “ಇದು ಲಾಯ್ಡಿಂದು. ಇದು ನಮ್ಮ ಹಳೇದು,” ಎನ್ನುತ್ತಾ ಈರುಳ್ಳಿ ಹೆಚ್ಚುತ್ತಿದ್ದಳು. ನಡುಗುವ ಕೈಯಲ್ಲಿ ಈರುಳ್ಳಿ ದಪ್ಪದಪ್ಪ ಬೀಳುತ್ತಿತ್ತು.

ಆಮೇಲೆ ಒಂದು ಸದ್ದು ಬಂತು. ನನಗೆ ಎಲ್ಲ ಸದ್ದೂ ಒಂದೇ. ಅವಳು ಚಾಕು ಕೆಳಗಿಟ್ಟಳು. ಇನ್ನೊಂದು ಬಂತು.

“ಇದು ಯಾವುದು?” ಎಂದೆ.

ಅವಳು ಬಾಗಿಲು ತೆಗೆದು ಹೊರಟಳು. ಹಿಂದೆಯೇ ನಾನು ಹೋದೆ.

ಹ್ಯೂಲೆಟ್ ಕೈಯಲ್ಲಿ ಆ ರಿವಾಲ್ವರ್ ಇತ್ತು. ಗವಸಿರಲಿಲ್ಲ. ಊಟಕ್ಕೆ ಮುಂಚೆ ಕೊಟ್ಟ ಕೋಳಿ ಕಾಲು ತಿಂದ ಕೈ. ರಾಯ್ಸ್ ಪಕ್ಕದಲ್ಲಿ ನಿಂತು ಮದುವಣಗಿತ್ತಿಯ ತಂದೆಯ ಹಾಗೆ ಮುಗುಳ್ನಗುತ್ತಿದ್ದ. ನಾವು ನೋಡುತ್ತಿದ್ದ ಹಾಗೇ ಹ್ಯೂಲೆಟ್ ಉಳಿದ ಗುಂಡುಗಳನ್ನೂ ಹಾರಿಸಿದ. ಒಂದು ಡಬ್ಬ ಉರುಳಿತು. ಅದೂ ಹುಲ್ಲು ಅಲುಗಿದ್ದಕ್ಕೆ ಬಿದ್ದದ್ದೇ ಇರಬೇಕು.

“ಚೆನ್ನಾಗಿದೆ,” ಎಂದ ಹ್ಯೂಲೆಟ್. “ಟ್ರಿಗರ್ ಸ್ವಲ್ಪ ಬಿಗಿ ಅಲ್ವಾ? ನಂಗೆ ಮನೇಲಿರೋದೇ ಒಗ್ಗಿದೆ.” ಬಳಸಿದ ತಟ್ಟೆ ಕೊಡುವ ಹಾಗೆ ಅದನ್ನು ರಾಯ್ಸ್‌ಗೆ ಕೊಟ್ಟು, ಕೈ ಒರೆಸಿಕೊಳ್ಳಲು ಕಾಗದ ಹುಡುಕಿದ.

ರಾಯ್ಸ್ ಆಗ ಹೆಂಡತಿಯನ್ನು ನೋಡಿದ. “ಡಾರ್ಸಿ ಕೇಳಿದ್ರು. ಮನೆಗೆ ಬಂದ ಅತಿಥಿಗೆ ಇಲ್ಲ ಅನ್ನೋಕಾಗತ್ತಾ?” ಎಂದ.

“ನಾನು ಕೇಳ್ಲೇ ಇಲ್ಲ. ನೀನೇ ತಂದು ಕೈಗಿಟ್ಟೆ,” ಎಂದ ಹ್ಯೂಲೆಟ್, ಯಾರಿಗೂ ಬೇಸರವಾಗದ ದನಿಯಲ್ಲಿ.

ಮರ್ಲಾ ಬಂದು ಗಂಡನ ಕೈಯಿಂದ ರಿವಾಲ್ವರ್ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ. ಉರುಳೆಯ ಸುತ್ತ ಕೂದಲಿನಷ್ಟು ತೆಳ್ಳಗೆ ಗೆರೆ ಬಿದ್ದಿತ್ತು, ಮುಂದಿನ ತುದಿ ಮಸಿಯಾಗಿತ್ತು. ಅವಳು ಅದನ್ನು ಬೆರಳಿನಿಂದ ಒರೆಸಿ ಬೆರಳನ್ನು ನೋಡಿಕೊಂಡಳು.

“ಗುಂಡು ಇನ್ನೂ ಇದೆಯಾ?”

ಯಾರಿಗೆ ಹೊಡೆಯುತ್ತಾಳೋ ಎಂದು ಒಂದು ಕ್ಷಣ ಹೆದರಿದೆ, ಸುಳ್ಳೇಕೆ. ಲಾಯ್ಡ್ ಅವಳ ಮುಖ ನೋಡಿ ಗುಂಡಿನ ಡಬ್ಬ ಮುಂದೆ ಚಾಚಿದ. ಅವಳು ಒಂದೊಂದಾಗಿ ತುಂಬಿದಳು. ಮೂರು ಕೈಜಾರಿ ಹುಲ್ಲಿಗೆ ಬಿದ್ದವು. ಬಗ್ಗಿ ಹುಡುಕಿ ಎತ್ತಿಕೊಂಡಳು. ಪರ್ವಿಸ್ ಮುದುಕ ಸಹಾಯಕ್ಕೆ ಬಗ್ಗಲು ಹೋದರೆ, “ನೀನು ಬಗ್ಗಿದ್ರೆ ನಿನ್ನ ಎತ್ತೋರು ಯಾರು, ನಿಂತ್ಕೋ,” ಎಂದಳು. ಯಾರೂ ನಗಲಿಲ್ಲ.

ಆಮೇಲೆ ಡಬ್ಬಗಳ ಎದುರು ನಿಂತಳು. ಕಾಲು ಅಗಲಿಸಿ, ಭುಜ ಇಳಿಸಿ, ನಾನು ನೂರಾರು ಸಲ ನೋಡಿದ ಅದೇ ನಿಲುವು. ಮೈ ಕಲ್ಲಾಯಿತು. ಕೈಯೊಂದು ಆಗಲಿಲ್ಲ. ರಿವಾಲ್ವರಿನ ತುದಿ ನೀರಿನ ಮೇಲಿನ ಬೆಂಡಿನಂತೆ ಏರುತ್ತಾ ಇಳಿಯುತ್ತಾ ಇತ್ತು. ಎರಡೂ ಕೈಯಲ್ಲಿ ಹಿಡಿದಳು. ಉಸಿರು ಬಿಗಿಹಿಡಿದಳು. ಆರೂ ಹಾರಿಸಿದಳು. ಹುಲ್ಲು ಹಾರಿತು, ಹಿಂದಿನ ದಿಬ್ಬದಲ್ಲಿ ಮಣ್ಣು ಹಾರಿತು. ಡಬ್ಬಗಳು ಇದ್ದ ಹಾಗೇ ನಿಂತಿದ್ದವು.

“ಗಾಳಿ ಜಾಸ್ತಿ ಇತ್ತು,” ಎಂದ ಹ್ಯೂಲೆಟ್.

“ಗಾಳಿ ಇಲ್ಲ,” ಎಂದಳು ಮರ್ಲಾ.

ಖಾಲಿ ತೋಟಾಗಳನ್ನು ಉದುರಿಸಿ ರಿವಾಲ್ವರನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಒಳಗೆ ಹೋಗಿ ಉಳಿದ ಈರುಳ್ಳಿ ಹೆಚ್ಚಿದಳು. ಊಟ ಬಡಿಸಿದಳು. ಎಲ್ಲರೂ ಸಾರು ಚೆನ್ನಾಗಿದೆ ಎಂದರು, ಬೇಗಬೇಗ ತಿಂದು ಹೊರಟರು. ಕ್ರಿಸ್ಮಸ್ಸಿನ ಮುಂಚೆ ಗೊತ್ತಾಯಿತು, ಕೌಂಟಿಯ ಟೈರಿನ ವ್ಯವಹಾರ ಹ್ಯೂಲೆಟ್ಟನ ಭಾವಮೈದುನನಿಗೆ ಹೋಗಿತ್ತು.

ಅಲ್ಲಿಗೆ ಮುಗಿದಿದ್ದರೆ ಮರ್ಲಾ ಇನ್ನೂ ಆ ಮನೆಯಲ್ಲೇ ಇರುತ್ತಿದ್ದಳೋ ಏನೋ. ರಾಯ್ಸ್ ಅದನ್ನು ಅಷ್ಟಕ್ಕೆ ಬಿಡಲಿಲ್ಲ. ಜನವರಿಯಲ್ಲಿ ಅವಳ ಡ್ರಾಯರಿನಿಂದ ರಿವಾಲ್ವರ್ ತೆಗೆದು, ಉಜ್ಜಿ, ಪೆಟ್ಟಿಗೆಯಲ್ಲಿಟ್ಟು ದೊಡ್ಡ ಪಟ್ಟಣದ ಸಂಗ್ರಾಹಕನೊಬ್ಬನಿಗೆ ತೋರಿಸಿ ಬಂದ. ಆ ಮನುಷ್ಯ ಬೆಳಕಿಗೆ ಹಿಡಿದು ನೋಡಿ, ಹಾರಿಸಿದ್ದು, ಬೇಡ ಎಂದನಂತೆ. ಮಾರನೆಯ ಬೆಳಿಗ್ಗೆ ಹೋಟೆಲಿನಲ್ಲಿ ರಾಯ್ಸ್ ಎಲ್ಲರ ಮುಂದೆ ತಲೆ ಅಲ್ಲಾಡಿಸುತ್ತಾ ಕೂತಿದ್ದ.

“ಏನ್ ಮಾಡೋದು ಹೇಳಿ. ಕೈ ನಡುಗೋ ಹೆಂಗಸು, ಬೇಡ ಅಂದ್ರೂ ಕೇಳ್ಲಿಲ್ಲ, ಹಠಕ್ಕೆ ಹಾರಿಸಿ ಹಾಳು ಮಾಡಿದ್ಲು. ಇನ್ನೂರರಲ್ಲಿ ಒಂದು. ಅವಳ ಸ್ಥಿತಿ ನೋಡಿ ನಾನು ಬಾಯಿಬಿಟ್ಟು ಒಂದು ಮಾತೂ ಆಡ್ಲಿಲ್ಲ.”

ನಾನು ಪಕ್ಕದ ಮೇಜಿನಲ್ಲಿದ್ದೆ. “ಮೊದಲ ಆರು ಗುಂಡು ಯಾರು ಹಾರಿಸಿದ್ದು ಅದನ್ನೂ ಹೇಳು ರಾಯ್ಸ್,” ಎಂದೆ.

“ವಿಲ್ಡಾ, ಇದು ನಮ್ಮ ಮನೆ ವಿಷಯ.”

“ಮನೆ ವಿಷಯ ಮನೇಲಿ ಆಡು. ಹೋಟೆಲಲ್ಲಿ ಆಡಿದ್ರೆ ಪೂರ್ತಿ ಆಡು.”

“ಅದು ಬೇರೆ,” ಎಂದ. “ಅದಕ್ಕೊಂದು ಉದ್ದೇಶ ಇತ್ತು.”

ಯಾರೋ ಹೋಗಿ ಮರ್ಲಾಗೆ ಇದನ್ನು ಹೇಳಿದರು. ನಾನಲ್ಲ. ಅವಳು ಜಗಳವಾಡಲಿಲ್ಲ. ಬಟ್ಟೆ, ಎರಡು ಬಾಣಲೆ, ಆ ರಿವಾಲ್ವರ್ ತೆಗೆದುಕೊಂಡು ಊರಿನ ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಎರಡು ಕೋಣೆಗೆ ಬಾಡಿಗೆಗೆ ಹೋದಳು. ಒಂದು ಪಿಸ್ತೂಲಿಗೋಸ್ಕರ ಮೂವತ್ತು ವರ್ಷದ ಸಂಸಾರ ಬಿಟ್ಟಳು ಎಂದು ರಾಯ್ಸ್ ಈಗಲೂ ಹೇಳಿಕೊಂಡು ತಿರುಗುತ್ತಾನೆ. ಅರ್ಧ ಊರು ಅದನ್ನೇ ನಂಬಿದೆ. ಚರ್ಚಿನಲ್ಲಿ ಕೆಲವು ಹೆಂಗಸರು ಅವಳ ಸಾಲಿನಲ್ಲಿ ಕೂರುವುದಿಲ್ಲ.

ಶನಿವಾರ ನಾನು ಅವಳನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗುತ್ತೇನೆ. ಕಾರು ಓಡಿಸುವುದು ಅವಳಿಗೀಗ ಆಗದು. ಮಾತ್ರೆ ತೆಗೆದುಕೊಂಡ ಮೇಲೆ ಸ್ವಲ್ಪ ಹೊತ್ತು ಕೈ ಕೊಂಚ ನೆಟ್ಟಗಿರುತ್ತದೆ. ಮರಳಿನ ಚೀಲದ ಮೇಲೆ ಮಣಿಕಟ್ಟು ಊರಿ ಅದೇ ರಿವಾಲ್ವರಿನಲ್ಲಿ ಹಾರಿಸುತ್ತಾಳೆ. ಗುರಿಯ ಕಾಗದದ ತುಂಬ ಎಲ್ಲೆಂದರಲ್ಲಿ ತೂತು. ಈ ಶರತ್ಕಾಲದ ಕ್ಲಬ್ ಸ್ಪರ್ಧೆಗೂ ಹೆಸರು ಕೊಟ್ಟಳು. ಲಾಯ್ಡ್ ನನ್ನನ್ನು ಪಕ್ಕಕ್ಕೆ ಕರೆದು, “ಬೇಡ ಅನ್ನು ವಿಲ್ಡಾ, ನೋಡೋಕಾಗಲ್ಲ,” ಎಂದ. ನಾನು ಹೇಳಲಿಲ್ಲ. ಅವಳು ಎಲ್ಲರಿಗಿಂತ ಕೊನೆಯವಳಾದಳು. ಅವಳ ಸರದಿ ಬಂದಾಗ ಗಂಡಸರು ತಮ್ಮ ಬೂಟು ನೋಡುತ್ತಾ ನಿಂತಿದ್ದರು.

ಆಮೇಲೆ ನಾವಿಬ್ಬರೂ ನದಿಯ ಹತ್ತಿರದ ಅಂಗಡಿಯಲ್ಲಿ ಕರಿದ ಮೀನು ತಿನ್ನಲು ಕೂತೆವು.

“ಹೇಗಿದೆ ಪಿಸ್ತೂಲು?” ಎಂದೆ. ಅವತ್ತಿನವರೆಗೂ ನಾನು ಅದನ್ನು ಕೇಳಿರಲಿಲ್ಲ.

“ತುಂಬಾ ಒಳ್ಳೇದು. ಟ್ರಿಗರ್ ಬಿಗಿ ಅಂದನಲ್ಲ ಆ ಹ್ಯೂಲೆಟ್, ಬಿಗಿ ಏನೂ ಇಲ್ಲ. ಬೆಣ್ಣೆ. ನನ್ನ ಕೈ ನೆಟ್ಟಗಿದ್ದಾಗ ಇದು ಸಿಕ್ಕಿದ್ದಿದ್ರೆ…” ಮೀನಿನ ತುಂಡು ಫೋರ್ಕಿನಿಂದ ಜಾರಿ ತಟ್ಟೆಗೆ ಬಿತ್ತು. ಕೈಯಲ್ಲೇ ಎತ್ತಿಕೊಂಡಳು.

“ಅವನು ಅವತ್ತೇ ಬಿಟ್ಟಿದ್ರೆ ಏನು ಹೋಗ್ತಿತ್ತು,” ಎಂದೆ ಸಮಾಧಾನಕ್ಕೆ.

“ಅವನ್ಯಾಕೆ ಬಿಡ್ಬೇಕು ವಿಲ್ಡಾ? ಅದು ನಂದು. ನಾನು ಗೆದ್ದಿದ್ದು. ಮೂರು ವರ್ಷ ನಾನೇ ಕೈಕಟ್ಟಿ ಕೂತ್ಕೊಂಡು ಕೊಡ್ತೀಯಾ ಕೊಡ್ತೀಯಾ ಅಂತ ಕೇಳ್ತಿದ್ದೆ. ಅವನ ಮೇಲಿನ ಸಿಟ್ಟು ಬೆಳಿಗ್ಗೆ ಎದ್ದಾಗ ಇರತ್ತೆ, ಮಧ್ಯಾಹ್ನಕ್ಕೆ ಇಳಿಯತ್ತೆ. ನನ್ನ ಮೇಲಿಂದು ಇಳಿಯಲ್ಲ.”

ಬಡಿಸುವ ಹೆಂಗಸು ಕಾಫಿ ತಂದಳು. ಕೇಳದೆಯೇ ಮರ್ಲಾಳ ಲೋಟಕ್ಕೆ ಅರ್ಧ ಮಾತ್ರ ಹೊಯ್ದಳು. ಮರ್ಲಾ ಲೋಟವನ್ನು ನೋಡಿದಳು, ಅವಳನ್ನು ನೋಡಿದಳು.

“ತುಂಬ ಹಾಕು,” ಎಂದಳು. “ಚೆಲ್ಲಿದ್ರೆ ನಾನೇ ಒರೆಸ್ತೀನಿ.”